ನಿದ್ದೆಯ ಲೆಕ್ಕ

ಮುಂಬಯಿಯಲ್ಲಿ ನೆಲೆ ನಿಂತ ಕರಾವಳಿಯ ಕನ್ನಡಿಗರಿಗೆ ಊರಿನ ದಾರಿಯದೇ ಒಂದು ಚರಿತ್ರೆಯಿದೆ. ನಮ್ಮ ಹಿರಿಯರು ಹಡಗಿನಲ್ಲಿ ಬಂದವರು. ನಾವು ಘಟ್ಟ ಹತ್ತಿ ಇಳಿಯುವ ಬಸ್ಸುಗಳಲ್ಲಿ ಒಂದು ಹಗಲು, ಒಂದು ಇರುಳು ಕುಲುಕಾಡಿ ಊರು ಸೇರುತ್ತಿದ್ದೆವು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಂಡಾಗ, ಮಧ್ಯಾಹ್ನ ಹತ್ತಿದವರು ಮರುದಿನ ಬೆಳಗಿನ ಕಾಫಿಗೆ ಊರಲ್ಲಿರುವಂತಾಯಿತು. ವಿಮಾನ ಮಾತ್ರ ಬಹುಕಾಲ ಕಂಪನಿ ಅಧಿಕಾರಿಗಳದೂ ದೊಡ್ಡ ಹೋಟೆಲು ಮಾಲೀಕರದೂ ಆಗಿಯೇ ಉಳಿದಿತ್ತು. ತಾಯಿಗೆ ಕಡೆಗಾಲವೆಂದು ತಂತಿ ಬಂದರೆ ಬಸ್ಸು ಹತ್ತುವುದು, ತಲುಪುವ ಹೊತ್ತಿಗೆ ಚಿತೆ ಆರಿರುವುದು. ಇದು ನಮ್ಮ ಎಷ್ಟೋ ಮನೆಗಳ ಕಥೆ.

ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ 2003ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಆರಂಭಿಸಿದ್ದನ್ನು ಈ ಹಿನ್ನೆಲೆಯಲ್ಲಿ ನೆನೆಯಬೇಕು. ಕೆಲವೇ ಆಸನಗಳಿಗೆ ಸೀಮಿತವಾಗಿದ್ದರೂ ಒಂದು ರೂಪಾಯಿಯ ಟಿಕೆಟ್ಟಿನ ಸುದ್ದಿ ದೇಶವನ್ನೇ ಬೆರಗುಗೊಳಿಸಿತು. ಆ ಸಂಸ್ಥೆ ತನ್ನ ಲಾಂಛನಕ್ಕೆ ಆರಿಸಿಕೊಂಡದ್ದು ಆರ್. ಕೆ. ಲಕ್ಷ್ಮಣರ 'ಶ್ರೀಸಾಮಾನ್ಯ'ನನ್ನು. ಮೈಸೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬಾಳಿದ ಕಲಾವಿದನ ಚೌಕುಳಿ ಕೋಟಿನ ಮುದುಕ ಕೊನೆಗೂ ವಿಮಾನ ಹತ್ತಿದ. ಅವನ ಹಿಂದೆಯೇ ನಾವೂ ಹತ್ತಿದೆವು. ನಮ್ಮಲ್ಲೊಬ್ಬರು ತಾಯಿಯ ಮುಖವನ್ನು ಕೊನೆಯ ಬಾರಿ ಕಂಡದ್ದು ಅಂಥದೊಂದು ಅಗ್ಗದ ಟಿಕೆಟ್ಟಿನ ದಯೆಯಿಂದ. ಆದ್ದರಿಂದ ಅಗ್ಗದ ವಿಮಾನಯಾನವನ್ನು ಹಗುರವಾಗಿ ಹಳಿಯುವ ಮಾತು ನಮ್ಮ ಬಾಯಲ್ಲಿ ಬರುವುದಿಲ್ಲ.

ಆದರೆ ಆ ದರ ಇಳಿದದ್ದು ಎಲ್ಲಿಂದ ಎಂಬ ಪ್ರಶ್ನೆ ಇದ್ದೇ ಇದೆ. ವಿಮಾನ ಸಂಸ್ಥೆಯ ಖರ್ಚಿನಲ್ಲಿ ಸಿಂಹಪಾಲು ಇಂಧನದ್ದು. ಅದರ ಬೆಲೆಯನ್ನು ಜಗತ್ತಿನ ಮಾರುಕಟ್ಟೆ ಮತ್ತು ಸರಕಾರದ ತೆರಿಗೆ ನಿರ್ಧರಿಸುತ್ತವೆ. ವಿಮಾನಗಳ ಬಾಡಿಗೆ ಡಾಲರಿನಲ್ಲಿ ಸಲ್ಲಬೇಕು. ನಿಲ್ದಾಣದ ಶುಲ್ಕ ನಿಲ್ದಾಣದವರ ಕೈಯಲ್ಲಿದೆ. ಸಂಸ್ಥೆಯ ಹಿಡಿತಕ್ಕೆ ಸಿಗುವುದು ಮುಖ್ಯವಾಗಿ ಒಂದೇ, ಅದು ಹೊತ್ತು. ನೆಲದ ಮೇಲೆ ನಿಂತ ವಿಮಾನ ಕಾಸು ಸಂಪಾದಿಸದು. ಆದ್ದರಿಂದ ಒಂದೇ ಮಾದರಿಯ ವಿಮಾನಗಳು, ಇಳಿದು ಅರ್ಧ ಗಂಟೆಯಲ್ಲಿ ಮತ್ತೆ ಏರುವ ಅವಸರ, ಬೆಳಗಿನ ಜಾವಕ್ಕೆ ಮೊದಲ ಹಾರಾಟ, ನಡುರಾತ್ರಿ ದಾಟಿ ಕೊನೆಯದು. ಯಂತ್ರ ಹೀಗೆ ದುಡಿಯುವಾಗ ಅದರ ಮುಂದೆ ಕುಳಿತ ಇಬ್ಬರೂ ಅದೇ ಲಯಕ್ಕೆ ಒಗ್ಗಬೇಕಾಗುತ್ತದೆ. ಶ್ರೀಸಾಮಾನ್ಯ ಕುಳಿತದ್ದು ಹಿಂದಿನ ಆಸನದಲ್ಲಿ. ಕಾಕ್‌ಪಿಟ್ಟಿನ ಬಾಗಿಲಾಚೆಗಿನ ಸಂಬಳ ಸಾರಿಗೆಯ ಮಾತು ಅವನ ಕಿವಿಗೆ ಬೀಳುತ್ತಿರಲಿಲ್ಲ.

ನಮ್ಮ ಕಿವಿಗೆ ಬಿದ್ದದ್ದಕ್ಕೆ ಒಂದು ಕಾರಣವಿದೆ. ನಾವೆಂದರೆ ಬಳಗದ ಸಭೆಗಳಿಗೆ ತಪ್ಪದೆ ಬರುವ ನಾಲ್ವರು ನಿವೃತ್ತ ಬ್ಯಾಂಕ್ ನೌಕರರು. ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಬ್ಯಾಂಕುಗಳ ಮುಂಬಯಿ ಶಾಖೆಗಳಲ್ಲಿ ಆಯುಷ್ಯ ಸವೆಸಿದವರು. ಆ ಬ್ಯಾಂಕುಗಳಲ್ಲಿ ಕೆಲವು ಇಂದು ಹೆಸರಿಗೂ ಉಳಿದಿಲ್ಲ. ಸಿಂಡಿಕೇಟು, ವಿಜಯಾ, ಕಾರ್ಪೊರೇಷನ್ ಮೂರೂ 2019 ಮತ್ತು 2020ರ ವಿಲೀನಗಳಲ್ಲಿ ಕರಗಿಹೋದವು. ನಮ್ಮ ಯೌವನದ ಬಹುಭಾಗ ಕಳೆದದ್ದು ಯೂನಿಯನ್ ಕಚೇರಿಯಲ್ಲಿ. 1966ರ ಅಕ್ಟೋಬರಿನಲ್ಲಿ ಬ್ಯಾಂಕ್ ನೌಕರರ ಸಂಘಟನೆಗಳಿಗೂ ಆಡಳಿತಗಳಿಗೂ ಆದ ಮೊದಲ ದ್ವಿಪಕ್ಷೀಯ ಒಪ್ಪಂದದ ಮುದ್ರಿತ ಪ್ರತಿ ನಮ್ಮ ಪಾಲಿಗೆ ಒಂದು ಬಗೆಯ ಧರ್ಮಗ್ರಂಥವಾಗಿತ್ತು. ಒಂದು ಬ್ಯಾಂಕಿನ ಗುಮಾಸ್ತ ಇನ್ನೊಂದು ಬ್ಯಾಂಕಿನ ಗುಮಾಸ್ತನಿಗಿಂತ ಅಗ್ಗವಾಗಬಾರದು ಎಂಬುದು ಅದರ ತಿರುಳು. ಸಂಬಳ, ಭತ್ಯೆ, ಹೆಚ್ಚುವರಿ ದುಡಿತದ ಲೆಕ್ಕ, ವರ್ಗಾವಣೆ, ಎಲ್ಲವೂ ಮೇಜಿನ ಎರಡು ಬದಿಯವರ ಸಹಿಯಿಂದ ನಿಗದಿಯಾಗುತ್ತಿದ್ದವು. ಮಾತುಕತೆ ವರುಷಗಟ್ಟಲೆ ಎಳೆದಾಡುತ್ತಿತ್ತು, ಜಗಳವಾಗುತ್ತಿತ್ತು, ಮುಷ್ಕರವಾಗುತ್ತಿತ್ತು. ಆದರೂ ಮೇಜು ಅಲ್ಲಿಯೇ ಇರುತ್ತಿತ್ತು.

ನಮ್ಮಲ್ಲಿ ಇಬ್ಬರು ವಾಸಿಸುವ ಹೌಸಿಂಗ್ ಸೊಸೈಟಿಯಲ್ಲಿ, ಮೂರನೆಯ ಮಹಡಿಯ ಮನೆಯ ಹುಡುಗ ಪೈಲಟ್. ತಂದೆ ಒಂದು ಕಚೇರಿಯ ಕ್ಯಾಂಟೀನು ನಡೆಸುತ್ತಿದ್ದವರು. ಈ ದೇಶದಲ್ಲಿ ಪೈಲಟ್ ಆಗುವುದೆಂದರೆ ಮೊದಲು ಇನ್ನೂರು ಗಂಟೆ ಹಾರಿ ವಾಣಿಜ್ಯ ಪರವಾನಗಿ ಪಡೆಯಬೇಕು. ಆಮೇಲೆ ಏರ್‌ಬಸ್ಸೋ ಬೋಯಿಂಗೋ, ನಿರ್ದಿಷ್ಟ ಮಾದರಿಯ ವಿಮಾನಕ್ಕೆ ಪ್ರತ್ಯೇಕ ತರಬೇತಿ. ವಿಮಾನ ಸಂಸ್ಥೆಗಳ ಕೆಡೆಟ್ ಯೋಜನೆಯ ಮೂಲಕ ಹೋದರೆ ಒಟ್ಟು ವೆಚ್ಚ ಒಂದು ಕೋಟಿಯ ಆಸುಪಾಸು. ಕುಂದಾಪುರದ ಕಡೆಯ ಜಮೀನು ಹೋಯಿತು, ಮನೆ ಅಡವು ಬಿತ್ತು. ಸಾಲದ ಅರ್ಜಿ ತುಂಬಿಸಿಕೊಟ್ಟವರು ನಾವೇ. ಆ ಕಾರಣದಿಂದ ಅವನ ಕಂತುಗಳ ಲೆಕ್ಕ ಅವನಷ್ಟೇ ನಮಗೂ ಬಾಯಿಪಾಠ.

ಅವನ ಸಂಸ್ಥೆಯ ಹೆಸರು ಇಲ್ಲಿ ಬೇಡ. ಅದು ಅಗ್ಗದ ದರದ ಸಂಸ್ಥೆಗಳಲ್ಲೊಂದು ಎಂದರೆ ಸಾಕು. 2020ರ ಮಾರ್ಚ್ 25ರಿಂದ ದೇಶದೊಳಗಿನ ಹಾರಾಟ ಎರಡು ತಿಂಗಳು ಪೂರ್ತಿ ನಿಂತಿತ್ತಲ್ಲ, ಆ ಬೇಸಗೆಯಲ್ಲಿ ಅವನಿಗೊಂದು ಮಿಂಚಂಚೆ ಬಂತು. ಮೊಬೈಲು ಹಿಡಿದುಕೊಂಡು, ಮೂಗಿಗೆ ಮುಸುಕು ಕಟ್ಟಿಕೊಂಡು ಕೆಳಗಿಳಿದು ಬಂದ. ಅಂಕಲ್, ಇದನ್ನೊಮ್ಮೆ ಓದಿ ಹೇಳಿ, ನೀವು ಯೂನಿಯನ್‌ನಲ್ಲಿದ್ದವರಲ್ಲವೇ ಎಂದ. ಪತ್ರ ಎರಡು ಪುಟ ಮೀರುತ್ತಿರಲಿಲ್ಲ. ತಿಂಗಳಿಗೆ ಖಾತರಿಯಾಗಿ ಸಂಬಳ ಕೊಡುವ ಹಾರಾಟದ ಗಂಟೆಗಳನ್ನು ಇಳಿಸಲಾಗಿದೆ. ಇಂತಿಂಥ ಭತ್ಯೆಗಳು ಮುಂದಿನ ಸೂಚನೆಯವರೆಗೆ ಇಲ್ಲ. ಇಷ್ಟು ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ ಒಪ್ಪಿಗೆಯೆಂದೇ ಭಾವಿಸಲಾಗುವುದು. ನಿಮ್ಮ ಪರವಾಗಿ ಮಾತಾಡಿದವರು ಯಾರು ಎಂದು ನಾವು ಕೇಳಿದೆವು. ಯಾರೂ ಇಲ್ಲ ಅಂಕಲ್ ಎಂದ. ಅದನ್ನು ದೂರಿನ ದನಿಯಲ್ಲಿ ಹೇಳಲಿಲ್ಲ, ಹವಾಮಾನ ವರದಿ ಓದುವಂತೆ ಹೇಳಿದ. ವಿಮಾನಗಳೇ ನೆಲಕ್ಕಂಟಿದ್ದ ಆ ತಿಂಗಳುಗಳಲ್ಲಿ ಸಂಬಳ ಕಡಿತವಾದದ್ದು ನಮಗೆ ಅಷ್ಟಾಗಿ ಆಶ್ಚರ್ಯ ತರಲಿಲ್ಲ. ಉತ್ತರಿಸದಿದ್ದರೆ ಒಪ್ಪಿದಂತೆ ಎಂಬ ಸಾಲನ್ನು ಮಾತ್ರ ನಾವು ನಾಲ್ವರೂ ಎರಡೆರಡು ಸಲ ಓದಿದೆವು. ನಮ್ಮ ಕಾಲದಲ್ಲಿ ಆಡಳಿತದವರು ಕೆಟ್ಟವರಿದ್ದರು, ಜಿಪುಣರಿದ್ದರು. ಆದರೆ ನಮ್ಮ ಮೌನಕ್ಕೆ ಸಹಿಯ ಬೆಲೆ ಕಟ್ಟಿದ್ದಿಲ್ಲ.

ಅವನ ಸಂಬಳದ ರಚನೆ ಅರ್ಥವಾಗಲು ನಮಗೆ ಒಂದೆರಡು ಸಂಜೆಗಳೇ ಬೇಕಾದವು. ಪೈಲಟ್ಟನ ಹಾರಾಟದ ಗಂಟೆಯನ್ನು 'ಬ್ಲಾಕ್ ಅವರ್' ಎನ್ನುತ್ತಾರೆ. ಚಕ್ರದಡಿಯ ತಡೆಗಟ್ಟೆ ತೆಗೆದು ವಿಮಾನ ಅಲುಗಿದ ಕ್ಷಣದಿಂದ, ಇನ್ನೊಂದು ನಿಲ್ದಾಣದಲ್ಲಿ ಮತ್ತೆ ನಿಂತ ಕ್ಷಣದವರೆಗಿನ ಹೊತ್ತು ಅದು. ಅವನು ಮನೆಯಿಂದ ಹೊರಟದ್ದು, ಒಂದು ಗಂಟೆ ಮೊದಲೇ ಹಾಜರಾಗಿ ಹವೆಯ ವರದಿ, ಇಂಧನ, ತೂಕಗಳ ಕಾಗದ ನೋಡಿದ್ದು, ಎರಡು ಹಾರಾಟಗಳ ನಡುವೆ ಕಾದದ್ದು, ಬೆಂಗಳೂರಿನ ಮಂಜಿಗೋ ದೆಹಲಿಯ ಹೊಗೆಗೋ ವಿಮಾನ ತಡವಾಗಿ ಬೆಂಚಿನ ಮೇಲೆ ತೂಕಡಿಸಿದ್ದು, ಇವು ಆ ಗಡಿಯಾರಕ್ಕೆ ಕಾಣುವುದಿಲ್ಲ. ಒಮ್ಮೆ ಅವನು ತನ್ನ ಒಂದು ದಿನವನ್ನು ಕಾಗದದ ಮೇಲೆ ಬರೆದು ತೋರಿಸಿದ. ಮುಂಬಯಿಯಿಂದ ಮಂಗಳೂರು, ಮರಳಿ ಮುಂಬಯಿ, ಅಲ್ಲಿಂದ ನಾಗಪುರ, ಮರಳಿ ಮುಂಬಯಿ. ದುಡಿಮೆಯ ಹೊತ್ತು ಹನ್ನೊಂದು ಗಂಟೆ, ಹಾರಾಟದ ಲೆಕ್ಕಕ್ಕೆ ಸೇರಿದ್ದು ಆರು. ನಮ್ಮಲ್ಲೊಬ್ಬರು ಮೂವತ್ತು ವರ್ಷ ಕ್ಯಾಷ್ ಕೌಂಟರಿನಲ್ಲಿ ಕೂತವರು. ಎದುರಿಗೆ ಗಿರಾಕಿ ನಿಂತಿದ್ದಷ್ಟು ನಿಮಿಷಕ್ಕೆ ಮಾತ್ರ ಸಂಬಳ ಎಂದಿದ್ದರೆ ನಾವು ಬ್ಯಾಂಕಿನ ಗಾಜು ಒಡೆಯುತ್ತಿದ್ದೆವು ಎಂದರು. ಒಡೆಯುತ್ತಿರಲಿಲ್ಲ, ಅವರು ಬಹಳ ಸಾಧು. ಆದರೆ ಮಾತು ಸರಿಯಾಗಿತ್ತು.

ಹಣಕ್ಕಿಂತ ಹೆಚ್ಚಾಗಿ ಆ ಮನೆಯಲ್ಲಿ ನಾವು ಕಂಡದ್ದು ನಿದ್ದೆಯ ಬಡತನ. ಹಗಲಲ್ಲಿ ಮಲಗುವ ಮಗನಿಗಾಗಿ ತಾಯಿ ಕಿಟಕಿಗಳಿಗೆ ಕಪ್ಪು ಪರದೆ ಹೊಲಿಸಿದ್ದಾರೆ. ಬಾಗಿಲ ಗಂಟೆಯ ತಂತಿ ಕಳಚಿದ್ದಾರೆ. ಕುಕ್ಕರು ಸೀಟಿ ಹೊಡೆಯುತ್ತದೆಂದು ಅನ್ನವನ್ನು ಪಾತ್ರೆಯಲ್ಲಿ ಬಸಿಯುತ್ತಾರೆ. ಆದರೆ ಮುಂಬಯಿಯ ಹಗಲನ್ನು ಯಾವ ಪರದೆ ತಡೆದೀತು? ಗಣಪತಿಯ ಡೋಲು, ದೀಪಾವಳಿಯ ಪಟಾಕಿ, ಪಕ್ಕದ ಕಟ್ಟಡದ ಮರುನಿರ್ಮಾಣದ ಕೊರೆಯುವ ಯಂತ್ರ. ಒಂದು ವಾರ ನಸುಕಿನ ಮೂರಕ್ಕೆ ಏಳುವ ಪಾಳಿ, ಮುಂದಿನ ವಾರ ನಸುಕಿನ ಮೂರಕ್ಕೆ ಮಲಗುವ ಪಾಳಿ. ಕಾಗದದ ಮೇಲೆ ಎರಡರ ನಡುವೆಯೂ ನಿಯಮದಂತೆ ವಿಶ್ರಾಂತಿಯಿದೆ. ನಿಯಮ ಅಳೆಯುವುದು ಕೆಲಸವಿಲ್ಲದ ಹೊತ್ತನ್ನು, ಕಣ್ಣು ಮುಚ್ಚಿದ ಹೊತ್ತನ್ನು ಅಳೆಯುವ ಮಾಪಕ ಅದರ ಬಳಿಯಿಲ್ಲ.

ಇಷ್ಟೆಲ್ಲ ಇದ್ದೂ ಅವರೇಕೆ ಒಟ್ಟಾಗಿ ಕೇಳುವುದಿಲ್ಲ ಎಂದು ನಮ್ಮಂಥವರಿಗೆ ತೋರುವುದು ಸಹಜ. ಕೇಳಿದವರಿಗೆ ಏನಾಯಿತೆಂಬುದು ಪತ್ರಿಕೆಗಳಲ್ಲೇ ಇದೆ. ಮುಂಬಯಿಯ ಜೆಟ್ ಏರ್‌ವೇಸ್ ಅಗ್ಗದ ಸಂಸ್ಥೆಯೇನೂ ಆಗಿರಲಿಲ್ಲ. ಅಲ್ಲಿ 2009ರಲ್ಲಿ ಪೈಲಟ್ಟರು ನ್ಯಾಷನಲ್ ಏವಿಯೇಟರ್ಸ್ ಗಿಲ್ಡ್ ಎಂಬ ಸಂಘ ಕಟ್ಟಿದಾಗ ಮುಂದಾಳುಗಳಿಬ್ಬರನ್ನು ವಜಾ ಮಾಡಲಾಯಿತು. ಸೆಪ್ಟೆಂಬರ್ 8ರಂದು ನೂರಾರು ಪೈಲಟ್ಟರು ಏಕಕಾಲಕ್ಕೆ ಅಸ್ವಸ್ಥರಾದರು. ಐದು ದಿನ ಹಾರಾಟ ಅಸ್ತವ್ಯಸ್ತವಾಗಿ, ಕೊನೆಗೆ ವಜಾ ಆದವರು ಮರಳಿದರು. ಮುಂದೆ ಇಂಡಿಗೋ ಸಂಸ್ಥೆ ಕೊರೊನಾ ಕಾಲದಲ್ಲಿ ಪೈಲಟ್ಟರ ಸಂಬಳವನ್ನು ಶೇಕಡ 30ರವರೆಗೂ ಕಡಿತಗೊಳಿಸಿ, 2022ರ ಏಪ್ರಿಲಿನಲ್ಲಿ ಅದರಲ್ಲಿ ಶೇಕಡ 8ರಷ್ಟನ್ನು ಮರಳಿಸಿತು. ಅಷ್ಟಕ್ಕೆ ತೃಪ್ತರಾಗದ ಕೆಲವರು ಮುಷ್ಕರಕ್ಕೆ ಸಿದ್ಧತೆ ನಡೆಸುತ್ತಿದ್ದಾರೆಂದು, ಮುಷ್ಕರದ ಹಿಂದಿನ ದಿನವೇ ಅವರನ್ನು ಅಮಾನತಿನಲ್ಲಿಟ್ಟಿತು. ಅಮಾನತು ಪತ್ರವೆಂದರೆ ಮುಂಬಯಿ ಕನ್ನಡಿಗರಿಗೆ ಚಿತ್ತಾಲರ 'ಶಿಕಾರಿ'ಯ ನಾಗನಾಥ ನೆನಪಾಗದೆ ಇರುವುದಿಲ್ಲ. ಆ ಕಾದಂಬರಿ ಬಂದು ನಲವತ್ತು ವರ್ಷ ಕಳೆದ ಮೇಲೂ ಈ ನಗರದಲ್ಲಿ ಆ ಕಾಗದದ ತಣ್ಣಗಿನ ಸ್ಪರ್ಶ ಬದಲಾಗಿಲ್ಲ.

ಅದಾದ ಕೆಲವೇ ದಿನಗಳಲ್ಲಿ ನಡೆದ ಒಂದು ವಿಚಿತ್ರ ಸಂಗತಿ ನಮ್ಮನ್ನು ಬಹುಕಾಲ ಕಾಡಿತು. ಆಪತ್ತಿನಲ್ಲಿರುವ ವಿಮಾನಗಳಿಗಾಗಿಯೇ ಮೀಸಲಿಟ್ಟ ರೇಡಿಯೋ ತರಂಗವೊಂದಿದೆ, 121.5 ಮೆಗಾಹರ್ಟ್ಸ್. ಆ ತರಂಗದಲ್ಲಿ ಕೆಲವು ಇಂಡಿಗೋ ಪೈಲಟ್ಟರು ತಮ್ಮ ಸಂಬಳದ ಬಗ್ಗೆ ಬೈಗುಳದ ಭಾಷೆಯಲ್ಲಿ ಮಾತಾಡಿಕೊಂಡರೆಂದು ವರದಿಯಾಯಿತು. ಅದು ಶಿಸ್ತಿನ ಉಲ್ಲಂಘನೆ ಎಂಬುದರಲ್ಲಿ ಎರಡು ಮಾತಿಲ್ಲ; ಆಪತ್ತಿನ ದಾರಿಯನ್ನು ಬೇರೆ ಮಾತಿಗೆ ಬಳಸಬಾರದು. ಆದರೆ ಮೇಜಿಲ್ಲದವರ ಮಾತು ಎಲ್ಲೆಲ್ಲಿ ಸಿಡಿಯುತ್ತದೆ ನೋಡಿ! ನಮಗೆ ಅದನ್ನು ಓದುವಾಗ ನಗು ಬರಲಿಲ್ಲ. ಅದೇ ಜುಲೈ 2ರಂದು ಅದೇ ಸಂಸ್ಥೆಯ ಅರ್ಧಕ್ಕಿಂತ ಹೆಚ್ಚು ಹಾರಾಟಗಳು ತಡವಾದವು. ಗಗನಸಖಿಯರೂ ಸಖರೂ ದೊಡ್ಡ ಸಂಖ್ಯೆಯಲ್ಲಿ ಅನಾರೋಗ್ಯದ ರಜೆ ಹಾಕಿದ್ದರು. ಅವರಲ್ಲಿ ಬಹಳಷ್ಟು ಮಂದಿ ಏರ್ ಇಂಡಿಯಾದ ನೇಮಕಾತಿ ಸಂದರ್ಶನಕ್ಕೆ ಹೋಗಿದ್ದರೆಂದು ಸುದ್ದಿ. ಇನ್ನೊಬ್ಬ ಉದ್ಯೋಗದಾತ ಮಾರುಕಟ್ಟೆಗೆ ಬಂದೊಡನೆ ಸಂಬಳಗಳು ಏರತೊಡಗಿದವು. ಮನವಿಪತ್ರಗಳಿಂದ ಆಗದ್ದು ಪೈಪೋಟಿಯಿಂದ ಆಯಿತು.

ಅನಾರೋಗ್ಯದ ರಜೆಯೆಂಬ ಈ ಅಸ್ತ್ರದ ಸ್ವರೂಪವನ್ನು ಸ್ವಲ್ಪ ನಿಂತು ನೋಡಬೇಕು. ದೇಹ ಸರಿಯಿಲ್ಲದ ಪೈಲಟ್ ವಿಮಾನ ನಡೆಸಕೂಡದು ಎಂಬುದು ಎಲ್ಲ ದೇಶಗಳ ಕಾನೂನು. ಅವನು ನನಗೆ ಸ್ವಸ್ಥವಿಲ್ಲ ಎಂದರೆ, ಇಲ್ಲ ನೀನು ಸ್ವಸ್ಥನಿದ್ದೀ, ಬಾ ಎನ್ನುವ ಅಧಿಕಾರಿ ಯಾರೂ ಇಲ್ಲ. ಹಾಗಾಗಿ ಉಳಿದೆಲ್ಲ ಬಾಗಿಲುಗಳೂ ಮುಚ್ಚಿದಾಗ ಪೈಲಟ್ಟನಿಗೆ ಉಳಿಯುವುದು ಇದೊಂದೇ. ಕಷ್ಟವೆಂದರೆ ನಿಜವಾಗಿ ದಣಿದವನೂ ಇದೇ ಬಾಗಿಲಿನಿಂದ ಹೊರಬರಬೇಕು. ಸಾಮೂಹಿಕವಾಗಿ ರಜೆ ಹಾಕಿದ ಮಾರನೆಯ ದಿನ, ಒಬ್ಬಂಟಿಯಾಗಿ ದಣಿದವನ ಮಾತನ್ನೂ ಆಡಳಿತ ಸಂಶಯದಿಂದಲೇ ನೋಡುತ್ತದೆ. ಮೂರನೆಯ ಮಹಡಿಯ ಹುಡುಗ ಒಮ್ಮೆ ಜ್ವರವಿಲ್ಲದ ದಿನ ನನಗೆ ದಣಿವಾಗಿದೆ ಎಂದು ಬರೆದು ಕೊಟ್ಟದ್ದಕ್ಕೆ ವಿವರಣೆ ಕೇಳಿದ ಪತ್ರ ಬಂತು. ಮುಂದಿನ ಸಲ ಹೊಟ್ಟೆನೋವು ಎಂದು ಬರೆದ. ಯಾರೂ ಏನೂ ಕೇಳಲಿಲ್ಲ.

ಲಕ್ಷಗಟ್ಟಲೆ ಸಂಬಳ ತೆಗೆದುಕೊಳ್ಳುವವರಿಗೆ ಎಂಥ ಚಳವಳಿ ಎಂಬ ಮಾತು ನಮ್ಮ ಬಳಗದಲ್ಲೇ ಬಂದಿದೆ. ಬಂದದ್ದು ತಪ್ಪಲ್ಲ. ಹೋಟೆಲಿನಲ್ಲಿ ತಟ್ಟೆ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ಹಿರಿಯರಿರುವ ಬಳಗವಿದು. ಅವರ ಎದುರು ಪೈಲಟ್ಟನ ಬಡತನದ ಮಾತಾಡಲು ನಾಲಗೆ ಏಳದು. ನಾವು ಬಡತನದ ಮಾತಾಡುತ್ತಲೂ ಇಲ್ಲ. ಲಕ್ಷದ ಸಂಬಳದವನ ಕೈಯನ್ನು ಕಟ್ಟಿಹಾಕುವ ಹಗ್ಗಗಳು ಬೇರೆ ನಮೂನೆಯವು ಎಂದಷ್ಟೇ ಹೇಳುತ್ತಿದ್ದೇವೆ. ಸಾಲದ ಕಂತು ಒಂದು ಹಗ್ಗ. ತರಬೇತಿಯ ಬಾಂಡು ಇನ್ನೊಂದು. ಮೂರನೆಯದು ಸರಕಾರವೇ ಹೊಸೆದದ್ದು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2017ರಲ್ಲಿ ತಂದ ನಿಯಮದಂತೆ, ಕೆಲಸ ಬಿಡಬೇಕಾದರೆ ಸಹ ಪೈಲಟ್ ಆರು ತಿಂಗಳು, ಕ್ಯಾಪ್ಟನ್ ಒಂದು ಇಡೀ ವರ್ಷ ಮುಂಚಿತವಾಗಿ ತಿಳಿಸಬೇಕು. ಪೈಲಟ್ಟರು ಹಠಾತ್ತನೆ ಬಿಟ್ಟರೆ ಪ್ರಯಾಣಿಕರಿಗೆ ತೊಂದರೆ ಎಂಬುದು ಅದಕ್ಕಿತ್ತ ಕಾರಣ. 2023ರಲ್ಲಿ ಆಕಾಶ ಏರ್‌ನಿಂದ ನಲವತ್ತಕ್ಕೂ ಹೆಚ್ಚು ಪೈಲಟ್ಟರು ಈ ಅವಧಿ ಮುಗಿಸದೆ ಹೊರನಡೆದಾಗ ಆ ಸಂಸ್ಥೆ ಬೊಂಬಾಯಿ ಹೈಕೋರ್ಟಿನ ಮೆಟ್ಟಿಲೇರಿತು. ಸಂಸ್ಥೆಯದೂ ಸಂಕಟವೇ, ಒಂದೇ ತಿಂಗಳಲ್ಲಿ ಅಷ್ಟು ಜನ ಹೋದರೆ ವಿಮಾನ ನಡೆಸುವವರಾರು? ಆದರೆ ಸಂಬಳ ಕಡಿತಕ್ಕೆ ಒಂದು ವಾರದ ಮಿಂಚಂಚೆ ಸಾಕು, ಕೆಲಸ ಬಿಡುವುದಕ್ಕೆ ಒಂದು ವರ್ಷ ಬೇಕು ಎಂಬಲ್ಲಿ ತಕ್ಕಡಿಯ ಒಂದು ತಟ್ಟೆ ನೆಲ ಮುಟ್ಟಿರುವುದು ಎಂಥವನಿಗೂ ಕಂಡೀತು.

ಸಾರಿಗೆಯ ಚಾಲಕರು ತಮ್ಮ ಗಂಟೆಗಳಿಗಾಗಿ ಹೋರಾಡಿದ್ದು ಈ ದೇಶದಲ್ಲಿ ಹೊಸದಲ್ಲ. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯ ಕಾರ್ಮಿಕರ ನಡುವೆ ನಾಯಕನಾಗಿ ಬೆಳೆದ ಜಾರ್ಜ್ ಫರ್ನಾಂಡಿಸ್ 1974ರ ಮೇ 8ರಂದು ರೈಲು ಮುಷ್ಕರಕ್ಕೆ ಕರೆ ಕೊಟ್ಟಾಗ, ಬೋನಸ್ಸಿನ ಜೊತೆಗೆ ಎಂಟು ಗಂಟೆಯ ದುಡಿಮೆಯೂ ಬೇಡಿಕೆಗಳಲ್ಲಿತ್ತು. ರೈಲು ಚಲಿಸುತ್ತಿರುವಷ್ಟು ಹೊತ್ತೂ ಚಾಲಕನ ಕೆಲಸ ಮುಂದುವರಿದಂತೆಯೇ ಎಂಬುದು ಬ್ರಿಟಿಷರ ಕಾಲದಿಂದ ಬಂದ ಪದ್ಧತಿ. ಎಂಜಿನ್ ಚಾಲಕರು 1973ರಲ್ಲಿ ಸಿಡಿದೆದ್ದ ಮೇಲಷ್ಟೇ ಹತ್ತು ಗಂಟೆಯ ಮಿತಿಯ ಭರವಸೆ ದೊರೆತಿತ್ತು. ಇಪ್ಪತ್ತು ದಿನಗಳ ಆ ಮುಷ್ಕರವನ್ನು ಬಂಧನ, ವಜಾಗಳಿಂದ ಮುರಿಯಲಾಯಿತು. ನಮ್ಮಲ್ಲಿ ಹಿರಿಯರೊಬ್ಬರು ಆಗ ಕಾಲೇಜು ಹುಡುಗ. ಸ್ತಬ್ಧವಾದ ದಾದರ್ ನಿಲ್ದಾಣವನ್ನು ಕಂಡದ್ದನ್ನು ಇಂದಿಗೂ ಹೇಳುತ್ತಾರೆ. ರೈಲಿನವರ ಪರವಾಗಿ ಹದಿನಾಲ್ಕು ಲಕ್ಷಕ್ಕೂ ಮೀರಿದ ಸಹೋದ್ಯೋಗಿಗಳಿದ್ದರು. ಪೈಲಟ್ಟರು ದೇಶದಲ್ಲೆಲ್ಲ ಕೂಡಿದರೂ ಕೆಲವು ಸಾವಿರ.

ಗಂಟೆಯ ಪ್ರಶ್ನೆ ನಮ್ಮ ಮನೆಯಂಗಳಕ್ಕೇ ಬಂದು ಬಿದ್ದದ್ದು 2010ರ ಮೇ 22ರಂದು. ದುಬೈಯಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ, ಕೆಂಜಾರಿನ ಗುಡ್ಡದ ಮೇಲಿನ ಓಡುದಾರಿಯನ್ನು ದಾಟಿ ಕಣಿವೆಗೆ ಉರುಳಿತು. ಬೆಳಗಿನ ಆರು ಗಂಟೆ ಕಳೆದು ಕೆಲವೇ ನಿಮಿಷ. ವಿಮಾನದಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು, ಎಂಟು ಮಂದಿ ಉಳಿದರು. ಆ ಇಡೀ ದಿನ ಮುಂಬಯಿಯ ಕರಾವಳಿಯವರ ಮನೆಗಳಲ್ಲಿ ಟಿವಿ ಆರಲಿಲ್ಲ. ಮೃತರ ಪಟ್ಟಿಯಲ್ಲಿ ಮನೆತನದ ಹೆಸರುಗಳನ್ನು ಹುಡುಕುತ್ತ ಕೂತಿದ್ದೆವು. ಅದೂ ಅಗ್ಗದ ದರದ ವಿಮಾನವೇ. ಕೊಲ್ಲಿಯಲ್ಲಿ ದುಡಿಯುವವರು ಊರಿಗೆ ಬರಲು ಆರಿಸಿಕೊಳ್ಳುವಂಥದು. ತನಿಖೆಯ ವರದಿ ಬಂದಾಗ ಅದರಲ್ಲಿದ್ದ ಒಂದು ವಿವರ ನಮ್ಮ ಎದೆಗೆ ನಾಟಿತು. ಕಾಕ್‌ಪಿಟ್ಟಿನ ಧ್ವನಿಮುದ್ರಣದಲ್ಲಿ ಗೊರಕೆಯ ಸದ್ದಿತ್ತು. ಕ್ಯಾಪ್ಟನ್ ಒಂದೂವರೆ ಗಂಟೆಗೂ ಹೆಚ್ಚು ನಿದ್ರಿಸಿದ್ದರು. ಎಚ್ಚೆತ್ತ ಮೇಲೂ ಉಳಿಯುವ ಮಂಪರು ಅವರ ತೀರ್ಮಾನವನ್ನು ಮಸುಕುಗೊಳಿಸಿರಬೇಕೆಂದು ವರದಿ ಹೇಳಿತು. ವಿಮಾನವನ್ನು ಮತ್ತೆ ಮೇಲೆತ್ತೋಣವೆಂದು ಸಹ ಪೈಲಟ್ ಮೂರು ಸಲ ಹೇಳಿದ್ದರು.

ಈ ದುರಂತವನ್ನು ಅತಿದುಡಿತದ ಲೆಕ್ಕಕ್ಕೆ ಸುಲಭವಾಗಿ ಬರೆದುಬಿಡುವುದು ನ್ಯಾಯವಲ್ಲ. ಆ ಕ್ಯಾಪ್ಟನ್ ರಜೆ ಮುಗಿಸಿಕೊಂಡು ಆಗಷ್ಟೇ ಮರಳಿದ್ದವರು. ಆದರೆ ವರದಿ ಬೊಟ್ಟು ಮಾಡಿದ್ದು ಆ ಹೊತ್ತಿನ ಕಡೆಗೆ. ನಡುರಾತ್ರಿ ಕಳೆದು ಬೆಳಗಾಗುವ ನಡುವಣ, ಮನುಷ್ಯ ದೇಹ ತಾನಾಗಿ ಕುಸಿಯುವ ಜಾವ. ಎಷ್ಟು ರಜೆ ಕೊಟ್ಟರೂ ಆ ಜಾವ ಆ ಜಾವವೇ. ಅಗ್ಗದ ವಿಮಾನಯಾನದ ಲಾಭವಾದರೋ ಬಹುಮಟ್ಟಿಗೆ ಆ ಜಾವಗಳನ್ನು ಬಳಸಿಕೊಳ್ಳುವುದರಲ್ಲಿಯೇ ಇದೆ. ಪೈಲಟ್ಟರ ಸಂಘಟನೆಗಳು ರಾತ್ರಿಯ ಹಾರಾಟದ ಮೇಲೆ ಮಿತಿ ಕೇಳುತ್ತ ಬಂದದ್ದು ಇದಕ್ಕಾಗಿ.

2024ರ ಜನವರಿಯಲ್ಲಿ ಮಹಾನಿರ್ದೇಶನಾಲಯ ಹೊಸ ನಿಯಮಗಳನ್ನು ಪ್ರಕಟಿಸಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು. ರಾತ್ರಿಯೆಂದರೆ ಬೆಳಗಿನ ಐದರವರೆಗಲ್ಲ, ಆರರವರೆಗೆ ಎಂದಾಯಿತು. ರಾತ್ರಿಯ ಪಾಳಿಯಲ್ಲಿ ಆರು ಸಲ ಇಳಿಯಬಹುದಾಗಿದ್ದದ್ದು ಎರಡಕ್ಕೆ ನಿಂತಿತು. ಆ ಜೂನಿನಲ್ಲಿ ಜಾರಿಯಾಗಬೇಕಿದ್ದುದನ್ನು ವಿಮಾನ ಸಂಸ್ಥೆಗಳ ಕೋರಿಕೆಯಂತೆ ಮುಂದೂಡಲಾಯಿತು. ಪೈಲಟ್ಟರ ಸಂಘಟನೆಗಳು ದೆಹಲಿ ಹೈಕೋರ್ಟಿನ ಮೊರೆ ಹೋದ ಮೇಲೆ, 2025ರ ಜುಲೈ 1 ಮತ್ತು ನವೆಂಬರ್ 1 ಎಂದು ಎರಡು ಹಂತಗಳು ನಿಗದಿಯಾದವು. ಸಂಬಳದ ಮಾತುಕತೆಯಲ್ಲಿ ಗೆಲ್ಲಲಾಗದವರು ನಿದ್ದೆಯ ಮಾತುಕತೆಯನ್ನು ನ್ಯಾಯಾಲಯದಲ್ಲಿ ಗೆದ್ದರು ಎಂದು ನಾವು ಹುಡುಗನಿಗೆ ಹೇಳಿದೆವು. ಅವನು ಸುಮ್ಮನೆ ನಕ್ಕ. ನೋಡೋಣ ಅಂಕಲ್ ಎಂದ.

ಡಿಸೆಂಬರಿನ ಮೊದಲ ವಾರ ಇಂಡಿಗೋದ ಹಾರಾಟಗಳು ಕುಸಿದದ್ದು ಓದುಗರಿಗೆ ನೆನಪಿರಬಹುದು. 5ನೆಯ ತಾರೀಕು ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ದೇಶದೊಳಗಿನ ಪ್ರಯಾಣಿಕರಲ್ಲಿ ನೂರಕ್ಕೆ ಅರುವತ್ತಕ್ಕೂ ಮೀರಿ ಒಂದೇ ಸಂಸ್ಥೆಯನ್ನು ಅವಲಂಬಿಸಿರುವಾಗ ಇದರ ಪರಿಣಾಮ ಹೇಗಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಮದುವೆ, ಪರೀಕ್ಷೆ, ಶವಸಂಸ್ಕಾರ, ಎಲ್ಲವೂ ಸಾಲಿನಲ್ಲಿ ನಿಂತವು. ಹೊಸ ನಿಯಮಕ್ಕೆ ಬೇಕಾದಷ್ಟು ಪೈಲಟ್ಟರು ಪಾಳಿಯ ಪಟ್ಟಿಯಲ್ಲಿರಲಿಲ್ಲ. ನಿಯಮ ಪ್ರಕಟವಾಗಿ ಎರಡು ವರ್ಷ ಸಮೀಪಿಸಿತ್ತಲ್ಲ, ಅಷ್ಟರಲ್ಲಿ ನೇಮಿಸಿಕೊಳ್ಳಬಾರದಿತ್ತೇ ಎಂದು ಪೈಲಟ್ಟರ ಸಂಘಟನೆಗಳು ಕೇಳಿದವು. ಅದೇ ದಿನ ಮಹಾನಿರ್ದೇಶನಾಲಯ ರಾತ್ರಿ ಪಾಳಿಯ ನಿಯಮಗಳಿಂದ ಆ ಸಂಸ್ಥೆಗೆ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ಕೊಟ್ಟಿತು. ವಾರದ ವಿಶ್ರಾಂತಿಯ ಬದಲಿಗೆ ರಜೆಯನ್ನು ಲೆಕ್ಕಕ್ಕೆ ಹಿಡಿಯಕೂಡದೆಂಬ ಸೂಚನೆಯನ್ನೂ ಹಿಂತೆಗೆದುಕೊಂಡಿತು.

ಐರ್ಲೆಂಡಿನ ರಯಾನ್‌ಏರ್ ಯೂರೋಪಿನ ಅಗ್ಗದ ವಿಮಾನಯಾನದ ದೊಡ್ಡಣ್ಣ. 2017ರ ಸೆಪ್ಟೆಂಬರಿನಲ್ಲಿ ಅಲ್ಲಿಯೂ ಪೈಲಟ್ಟರ ರಜೆಯ ಲೆಕ್ಕಾಚಾರ ತಪ್ಪಿ ಸಾವಿರಾರು ಹಾರಾಟಗಳು ರದ್ದಾದವು. ರಜೆ ಬಿಟ್ಟು ಬಂದ ಕ್ಯಾಪ್ಟನ್ನರಿಗೆ ಹನ್ನೆರಡು ಸಾವಿರ ಯೂರೋಗಳವರೆಗೆ ಬೋನಸ್ ಕೊಡುವೆವೆಂದು ಸಂಸ್ಥೆ ಆಸೆ ತೋರಿತು. ಹಲವು ನೆಲೆಗಳ ಪೈಲಟ್ಟರು ಅದನ್ನು ನಿರಾಕರಿಸಿ, ನಮಗೆ ಬೇಕಾದದ್ದು ಕರಾರು ಎಂದರು. ಯೂನಿಯನ್ ಎಂಬ ಪದವನ್ನೇ ಮೂವತ್ತೆರಡು ವರ್ಷ ಹತ್ತಿರ ಸೇರಿಸದಿದ್ದ ಸಂಸ್ಥೆ, ಆ ಡಿಸೆಂಬರ್ 15ರಂದು, ಕ್ರಿಸ್‌ಮಸ್ ಮುಷ್ಕರದ ನೆರಳಿನಲ್ಲಿ, ಪೈಲಟ್ಟರ ಸಂಘಗಳನ್ನು ಮಾನ್ಯ ಮಾಡಲು ಒಪ್ಪಿತು. ಮುಂದೆ ಜಗಳಗಳು ನಿಂತವೆಂದಲ್ಲ, 2018ರಲ್ಲಿ ಮುಷ್ಕರಗಳೇ ಆದವು. ಆದರೆ ಅಲ್ಲಿ ಬಿಕ್ಕಟ್ಟಿನಿಂದ ಹುಟ್ಟಿದ್ದು ಮೇಜು, ಇಲ್ಲಿ ಹುಟ್ಟಿದ್ದು ವಿನಾಯಿತಿ. ಎರಡು ಡಿಸೆಂಬರುಗಳ ನಡುವಣ ಈ ವ್ಯತ್ಯಾಸವನ್ನು ನಾವು ಬಳಗದಲ್ಲಿ ಹೇಳಿದಾಗ ಒಬ್ಬರು, ಅಲ್ಲಿ ಟಿಕೆಟ್ ದುಬಾರಿಯಾಯಿತೇ ಎಂದು ಕೇಳಿದರು. ಆ ಸಂಸ್ಥೆ ಇಂದಿಗೂ ಯೂರೋಪಿನ ಅಗ್ಗದ ಸಂಸ್ಥೆಗಳಲ್ಲೊಂದಾಗಿಯೇ ಇದೆ.

ನಮ್ಮ ಗೊರೂರಿನ ಕ್ಯಾಪ್ಟನ್ನರ ಸಂಸ್ಥೆಯ ಕಡೆಗತೆಯನ್ನೂ ಇಲ್ಲಿಯೇ ಹೇಳಿಬಿಡೋಣ. ಏರ್ ಡೆಕ್ಕನ್ ಕಿಂಗ್‌ಫಿಷರ್‌ನಲ್ಲಿ ಲೀನವಾಯಿತು. ಆ ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ, ತಿಂಗಳುಗಟ್ಟಲೆ ಸಂಬಳ ಕಾಣದ ನೌಕರರ ಮುಷ್ಕರದ ನಡುವೆ, ನೆಲಕ್ಕಿಳಿಯಿತು. ಬೆಂಗಳೂರಿನ ಸಂಸ್ಥೆಯದು, ಅಲ್ಲಿ ದುಡಿದು ಬಾಕಿಗಾಗಿ ಅಲೆದವರಲ್ಲಿ ಕನ್ನಡಿಗರು ಕಡಿಮೆಯಿರಲಿಲ್ಲ.

ಈ ಜನವರಿಯಲ್ಲಿ ಮೂರನೆಯ ಮಹಡಿಯ ಹುಡುಗ ರಾಜೀನಾಮೆ ಕೊಟ್ಟ. ಕ್ಯಾಪ್ಟನ್ ಹುದ್ದೆಯ ತರಬೇತಿಗೆ ಅವನ ಹೆಸರು ಬರುವುದರಲ್ಲಿತ್ತು. ತಾಯಿ ಅತ್ತರು, ಬಡ್ತಿ ಪಡೆದು ಬಿಡಬಾರದಿತ್ತೇ ಎಂದರು. ಬಡ್ತಿ ಪಡೆದರೆ ಬಿಡಲು ಒಂದು ವರ್ಷ ಕಾಯಬೇಕು, ಈಗಾದರೆ ಆರು ತಿಂಗಳು ಸಾಕೆಂದು ಅವನ ಲೆಕ್ಕ. ಕೊಲ್ಲಿಯ ಸಂಸ್ಥೆಯೊಂದರಲ್ಲಿ ಸಹ ಪೈಲಟ್ಟನಾಗಿಯೇ ಸೇರುವನಂತೆ. ಅಲ್ಲಿ ಸಂಬಳ ಹೆಚ್ಚಿರಬಹುದು. ಅವನು ನಮಗೆ ಮೊದಲು ತೋರಿಸಿದ್ದು ಮಾತ್ರ ವಿಶ್ರಾಂತಿಯ ದಿನಗಳ ಪಟ್ಟಿ. ಆರು ತಿಂಗಳಲ್ಲಿ ಇನ್ನೂ ನಾಲ್ಕು ಬಾಕಿಯಿವೆ, ಅಲ್ಲಿಯವರೆಗೆ ಇಲ್ಲಿಯ ಪಾಳಿಯೇ. ಕಳೆದ ಭಾನುವಾರ ಹಗಲು ಮಲಗಲಾಗದೆ ಕೆಳಗಿಳಿದು ಬಂದವನು, ನಮ್ಮ ಕಪಾಟಿನಲ್ಲಿದ್ದ 1966ರ ಒಪ್ಪಂದದ ಹಳದಿಗಟ್ಟಿದ ಪ್ರತಿಯನ್ನು ಓದಿ ಕೊಡುವೆನೆಂದು ತೆಗೆದುಕೊಂಡು ಹೋದ. ಹೆಚ್ಚುವರಿ ದುಡಿತದ ಅಧ್ಯಾಯ ಯಾವ ಪುಟದಲ್ಲಿದೆ ಎಂದು ನಡುರಾತ್ರಿ ನಾಗಪುರದಿಂದ ಸಂದೇಶ ಕಳಿಸಿದ್ದಾನೆ.